ಅರ್ಧ ತಾಸಿನ ಬ್ಯಾಟರಿ

ಒಬ್ಬನೇ ಇರುವವನಿಗೆ ಫಜೀತಿಗಳು ಬೇರೆಯವರಿಗಿಂತ ಹೆಚ್ಚೇನೂ ಆಗುವುದಿಲ್ಲ. ಆದರೆ ಸಂಜೆ ಮನೆಗೆ ಬಂದು, 'ಇವತ್ತೇನಾತು ಗೊತ್ತದ ಏನು?' ಅಂತ ಹೇಳಿ ಹಗುರಾಗಲಿಕ್ಕೆ ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಅವು ಖರ್ಚಾಗದೆ ಒಳಗೇ ಉಳಿದುಬಿಡುತ್ತವೆ. ನನ್ನ ಹತ್ತಿರ ಹಾಗೆ ಉಳಿದವು ಬೇಕಾದಷ್ಟಿವೆ. ಇಲ್ಲಿ ಹೇಳುವುದು ಒಂದು ಲ್ಯಾಪ್‌ಟಾಪಿನ ದೆಸೆಯಿಂದ ಆದವು ಮಾತ್ರ.

ನಾನಾಗ ದನಕರುಗಳ ಔಷಧ ಮಾಡುವ ಒಂದು ಕಂಪನಿಯ ಪ್ರತಿನಿಧಿ. ಇರುವುದು ಬೆಳಗಾವಿಯ ಮಹಾಂತೇಶ ನಗರದಲ್ಲಿ, ಎರಡು ಖೋಲಿಯ ಬಾಡಿಗೆ ಮನೆ. ತಿರುಗುವುದು ಖಾನಾಪುರ ತಾಲೂಕು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಲ್ಯಾಪ್‌ಟಾಪ್ ಅಂದರೆ ಹಳ್ಳಿಯಲ್ಲಿ ಮಂದಿ ಕೈಕಟ್ಟಿಕೊಂಡು ನಿಂತು ನೋಡುವ ಕಾಲ. ಕಂಪನಿ ನನಗೆ ಕೊಟ್ಟದ್ದು ಹಸುಗೂಸಿನಷ್ಟು ಭಾರವಿತ್ತು, ಅಷ್ಟೇ ಜೋಪಾನ ಬೇಡುತ್ತಿತ್ತು. ಆದರೂ ಒಂದು ಸಲ ಚಾರ್ಜ್ ಮಾಡಿದರೆ ಎರಡು ತಾಸು ಮಿಸುಕದೆ ದುಡಿಯುತ್ತಿತ್ತು. ಅದನ್ನು ಸುಧಾರಿಸುತ್ತೇವೆ ಅಂತ ಕಂಪನಿ ಹೊರಡುವ ತನಕ.

೧. ಸಹಾಯ

ಎಲ್ಲರೂ ಲ್ಯಾಪ್‌ಟಾಪ್ ತರಬೇಕು, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇವೆ ಅಂತ ಹುಬ್ಬಳ್ಳಿ ಬ್ರಾಂಚಿನಿಂದ ಹುಕುಂ ಬಂತು. ಹೋದೆ. ಅಲ್ಲಿನ ಕಂಪ್ಯೂಟರ್ ಇಂಜಿನಿಯರ್ ಒಂದು ಸಿ.ಡಿ. ಹಾಕಿ, ಎರಡು ಸಲ ಚಹಾ ಕುಡಿದು ಬಂದು, "ನೋಡ್ರಿ ಸರ್, ನಿಮ್ದು ಹೊಸಾದಾತು" ಅಂದ. ಪರದೆಯ ಮೇಲಿನ ಬಣ್ಣವೆಲ್ಲ ಬದಲಾಗಿತ್ತು. ಖುಷಿಯಿಂದ ಬೆಳಗಾವಿಗೆ ತಂದೆ. ಮರುದಿನ ನೋಡುತ್ತೇನೆ, ತುಂಬಿದ ಬ್ಯಾಟರಿ ಅರ್ಧ ತಾಸಿಗೇ ಖಾಲಿ.

ಬೂತಿಗೆ ಹೋಗಿ ಇಂಜಿನಿಯರಿಗೆ ಫೋನ್ ಹಚ್ಚಿದೆ.

"ಚಾರ್ಜ್ ನಿಲ್ಲವಲ್ದರಿ."

"ಹೊಸದರಾಗ ಸೌಲತ್ತು ಭಾಳ ಅದಾವ್ರಿ ಸರ್. ಅವು ತಿಂತಾವ."

"ಆ ಸೌಲತ್ತು ನನಗ ಬ್ಯಾಡ್ರಿ."

"ಬ್ಯಾಡಾದ್ರ ಬಂದ್ ಮಾಡ್ರಿ. ಒಳಗ 'ಸಹಾಯ' ಅಂತ ಒಂದು ಅದ. ಚಾರ್ಜ್ ಉಳಸೂದು ಹೆಂಗ ಅಂತ ಅದರಾಗ ಎಲ್ಲಾ ಬರದಾರ. ಸಾವಕಾಶ ಓದ್ರಿ."

ಮನೆಗೆ ಬಂದೆ. ಓಣಿಯಲ್ಲಿ ಕರೆಂಟ್ ಇರಲಿಲ್ಲ. ಇರಲಿ, ಬ್ಯಾಟರಿ ತುಂಬಿದೆಯಲ್ಲ ಅಂತ 'ಸಹಾಯ' ತೆರೆದು, ಅವನು ಹೇಳಿದ ಹಾಗೆ ಸಾವಕಾಶವಾಗಿ ಓದತೊಡಗಿದೆ. ಬ್ಯಾಟರಿ ಎಂದರೇನು, ಅದನ್ನು ಏಕೆ ಉಳಿಸಬೇಕು, ಉಳಿಸಿದರೆ ಆಗುವ ಲಾಭಗಳೇನು ಎಂಬುದೆಲ್ಲ ಮುಗಿದು, 'ಈಗ ಹೀಗೆ ಮಾಡಿ' ಅನ್ನುವಲ್ಲಿಗೆ ಬಂದೆ ನೋಡಿ, ಪರದೆ ಕಪ್ಪಾಯಿತು.

೨. ಕುಬಸ

ಸಂಜೆ ಮನೆಯಲ್ಲಿ ನನಗೆ ಇದ್ದ ಜೊತೆ ಅದೊಂದೇ. ಒಲೆಯ ಮೇಲೆ ಖಿಚಡಿ ಇಟ್ಟು, ಅದು ಬೇಯುವ ತನಕ ಲ್ಯಾಪ್‌ಟಾಪಿನಲ್ಲಿ ಇಸ್ಪೀಟು ಆಡುತ್ತಿದ್ದೆ. ಒಬ್ಬನೇ ಕೂತು ಆಡುವ ಆಟ ಅದು. ಆ ಹೊತ್ತಿಗೇ ಕರೆಂಟ್ ತೆಗೆಯುವುದು ನಮ್ಮ ಓಣಿಯ ಪದ್ಧತಿ. ಆಟ ಇನ್ನೇನು ಗೆದ್ದೆ ಅನ್ನುವಾಗ ಬ್ಯಾಟರಿ ಕೈಕೊಡುತ್ತಿತ್ತು. ಯಾವಾಗ ಶುರುವಾಯಿತೋ ತಿಳಿಯದು, ನಾನು ಅದರ ಜೊತೆ ಮಾತಾಡತೊಡಗಿದ್ದೆ.

"ಇರು ಇರು, ಈಗ ಹೋಗಬ್ಯಾಡ."

"ದಿನಾ ಹಿಂಗ ಅರ್ಧಕ್ಕ ಬಿಟ್ಟು ಹೋದ್ರ ನಾ ಏನು ಮಾಡ್ಲಿ?"

"ಹಗಲೆಲ್ಲಾ ನಿನ್ನ ಹೊತಗೊಂಡು ತಿರಗತೀನಿ. ಸಂಜೀಕ ಒಂದು ತಾಸು ನನ್ನ ಕೂಡ ಇರಾಕ ಆಗೂದಿಲ್ಲನು?"

ಗೋಡೆಯ ಆಚೆ ಮನೆ ಮಾಲಕರು ಇದ್ದರು. ಕರೆಂಟ್ ಹೋದಾಗ ಟೀವಿಯೂ ಇಲ್ಲ, ಫ್ಯಾನೂ ಇಲ್ಲ. ಒಂದು ಸೂಜಿ ಬಿದ್ದರೂ ಈಚೆಯದು ಆಚೆ ಕೇಳುತ್ತದೆ. ಒಂದು ರವಿವಾರ ಮುಂಜಾನೆ ಗಂಡಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಮಾಲಕರ ಹೆಂಡತಿ ಅಕ್ಕನವರ ಕೈಯಲ್ಲಿ ತಾಟು. ತಾಟಿನಲ್ಲಿ ತೆಂಗಿನಕಾಯಿ, ಅರಿಷಿಣ ಕುಂಕುಮ, ಹೊಸದಾಗಿ ಬಂದ ಸೊಸೆಗೆ ಉಡಿ ತುಂಬುವ ರವಿಕೆಬಟ್ಟೆ, ಒಂದು ಹಸಿರು ಕುಬಸ.

"ಅಲ್ರೀ, ಮದಿವಿ ಆದದ್ದು ನಮಗ ಒಂದು ಮಾತು ತಿಳಸಬಾರದಿತ್ತೇನು?" ಅಂದರು ಅಕ್ಕನವರು.

ನಾನು ಹಿಂದೆ ತಿರುಗಿ ನನ್ನ ಖಾಲಿ ಖೋಲಿಯನ್ನು ಒಮ್ಮೆ ನೋಡಿದೆ.

ಮಾಲಕರು ತಗ್ಗಿದ ದನಿಯಲ್ಲಿ, "ಯಾರು, ಎಲ್ಲಿಯವರು ಅಂತ ನಾವೇನು ಕೇಳಾಂಗಿಲ್ರಿ. ಆದ್ರ ಆ ಹುಡುಗೀನ ಹಿಂಗ ಒಳಗ ಇಟ್ಟು ಕೀಲಿ ಹಾಕಬ್ಯಾಡ್ರಿ" ಅಂದರು.

"ಒಂದು ದಿನಾನೂ ತಿರುಗಿ ಮಾತಾಡಿದ್ದು ಕೇಳಿಲ್ಲ. ಭಾಳ ಶಾಂತ ಕಾಣ್ತಾಳ" ಅಂತ ಅಕ್ಕನವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

ನಾನು ಅವರನ್ನು ಒಳಗೆ ಕರೆದು, ಮೇಜಿನ ಮೇಲಿದ್ದದ್ದನ್ನು ತೋರಿಸಿ, "ಇಕೀನ ರೀ" ಅಂದೆ. ಎಲ್ಲ ಬಿಡಿಸಿ ಹೇಳಿದೆ. ಮಾಲಕರು ಕೆಮ್ಮುತ್ತ ಮೊದಲೇ ಹೊರಗೆ ಹೋದರು. ಅಕ್ಕನವರು ಲ್ಯಾಪ್‌ಟಾಪನ್ನೂ ನನ್ನನ್ನೂ ಒಲೆಯ ಮೇಲಿನ ಸಣ್ಣ ಕುಕ್ಕರನ್ನೂ ನೋಡಿದರು. ತಾಟನ್ನು ವಾಪಸು ಒಯ್ಯಲಿಲ್ಲ.

"ಇಟಗೋರಿ. ಖರೇ ಖರೇ ಬಂದಾಕಿಗೆ ಆಗ್ತೈತಿ" ಅಂದರು. ಹೊಸ್ತಿಲು ದಾಟಿದವರು ಮತ್ತೆ ತಿರುಗಿ ನಿಂತು, "ಕುಬಸದ ಬಣ್ಣ ಹೋಗೂದ್ರೊಳಗ ನೋಡ್ರಿ ಮತ್ತ" ಅಂದರು.

೩. ಮುಂದ?

ಹಳ್ಳಿಗಳಲ್ಲಿ ತೋರಿಸಲಿಕ್ಕೆ ಕಂಪನಿ ಒಂದು ಫಿಲ್ಮು ಕೊಟ್ಟಿತ್ತು. ಅಣ್ಣತಮ್ಮಂದಿರ ಕಥೆ. ತಮ್ಮ ತನ್ನ ದನಗಳಿಗೆ ಜಂತಿನ ಔಷಧ ಕುಡಿಸುತ್ತಾನೆ, ಅಣ್ಣ ಕುಡಿಸುವುದಿಲ್ಲ. ಅಣ್ಣನ ಆಕಳು ಹಾಸಿಗೆ ಹಿಡಿಯುತ್ತದೆ. ಮನೆಮಂದಿಯೆಲ್ಲ ಅದರ ಸುತ್ತ ಕೂತು ಕಣ್ಣೀರು ಹಾಕುತ್ತಾರೆ. ಆಗ ಡಾಕ್ಟರು ಬಂದು ನಮ್ಮ ಕಂಪನಿಯ ಔಷಧ ಕೊಟ್ಟು ಆಕಳನ್ನು ಎಬ್ಬಿಸುತ್ತಾನೆ.

ಖಾನಾಪುರದ ಆಚೆ ಒಂದು ಹಾಲಿನ ಸಂಘ. ಮಂದಿ ಹಾಲು ಹಾಕಲಿಕ್ಕೆ ಸೇರುವ ಹೊತ್ತಿಗೆ ಅಲ್ಲಿ ಕರೆಂಟ್ ಇರುವುದಿಲ್ಲ. ಬ್ಯಾಟರಿಯ ಮೇಲೆಯೇ ಫಿಲ್ಮು ಹಚ್ಚಿದೆ. ಆಕಳು ಬಿತ್ತು. ಮನೆಮಂದಿ ಅತ್ತರು. ಡಾಕ್ಟರು ಮೋಟಾರ್ ಸೈಕಲ್ ಇಳಿದ. ಬ್ಯಾಟರಿ ಮುಗಿಯಿತು.

"ಮುಂದ?" ಅಂದರು ಎಲ್ಲರೂ.

"ಮುಂದೇನಿಲ್ರಿ, ಔಷಧ ಕುಡಸ್ತಾನ, ಆಕಳ ಎದ್ದು ನಿಂದರತೈತಿ" ಅಂದೆ.

ಸಂಘದ ಚೇರಮನ್ನರು ತಲೆ ಅಲ್ಲಾಡಿಸಿದರು. "ನೀವು ಔಷಧ ಮಾರಾವ್ರು, ಹಂಗ ಹೇಳಾವ್ರ. ನಾವು ಕಣ್ಣಿಲೆ ನೋಡಬೇಕಲ್ರಿ."

ಮುಂದಿನ ವಾರ ಪೂರಾ ಚಾರ್ಜ್ ಮಾಡಿಕೊಂಡು ಹೋದೆ. ಈ ಸಲ ಮೊದಲಿಗಿಂತ ಹೆಚ್ಚು ಮಂದಿ ಸೇರಿದ್ದರು, ಹೆಂಗಸರೂ ಬಂದಿದ್ದರು. ಆಕಳು ಬಿತ್ತು, ಅತ್ತರು, ಡಾಕ್ಟರು ಇಳಿದ, ಕತ್ತಲೆ. ಮೂರನೆಯ ಸಲ ಡಾಕ್ಟರು ಗಾಡಿಯಿಂದ ಇಳಿಯಲೂ ಇಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕ ನಿಟ್ಟುಸಿರು ಬಿಟ್ಟು, "ಆ ಆಕಳ ಸತ್ತೈತಿ. ಅದಕ್ಕ ಇವರು ಅಲ್ಲೀತನಕ ತೋರಿಸಿ ಬಂದ್ ಮಾಡ್ತಾರ" ಅಂದ. ಸುತ್ತಲಿನ ಊರಿಗೆಲ್ಲ ಅದೇ ಸುದ್ದಿ ಹಬ್ಬಿತು. ಆ ತಿಂಗಳು ನನ್ನ ಔಷಧ ಒಂದು ಬಾಟಲಿಯೂ ಹೋಗಲಿಲ್ಲ.

ಮನೆಗೆ ಬಂದು, ವಾಯರು ಹಚ್ಚಿ, ಫಿಲ್ಮನ್ನು ಕೊನೆಯ ತನಕ ನೋಡಿದೆ. ಆಕಳು ಎದ್ದಿತು, ಬಾಲ ಬೀಸಿತು, ಮನೆಮಂದಿಯೆಲ್ಲ ಅದನ್ನು ತಬ್ಬಿಕೊಂಡು ನಕ್ಕರು. ಇಡೀ ಖಾನಾಪುರ ತಾಲೂಕಿನಲ್ಲಿ ಆ ಆಕಳು ಬದುಕಿದ್ದು ಗೊತ್ತಿದ್ದವನು ನಾನೊಬ್ಬನೇ.

೪. ಜಂತು

ದೇಸೂರ ಸ್ಟೇಷನ್ನಿನ ಹತ್ತಿರ ಒಂದು ಮರದ ನೆರಳಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅದು ಆರಿಹೋಗಿತ್ತು. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬ ಬಂದು ಕೋಲೂರಿ ನಿಂತ.

"ಯಾಕ್ರಿ ಸಾಹೇಬ್ರ, ಹಂಗ್ಯಾಕ ಕುಂತೀರಿ?"

"ಇದರ ಶಕ್ತಿ ಮುಗದೈತಿ ಅಜ್ಜಾ."

"ಮೇಸಿಲ್ಲನು?"

"ಮುಂಜಾನೆತನಕ ಕರೆಂಟಿಗೆ ಹಚ್ಚಿಟ್ಟಿದ್ದೆ."

ಅಜ್ಜ ಕೂತ. ಕುರಿಯ ಮೈ ನೋಡುವ ಹಾಗೆ ಅಂಗೈಯಿಂದ ಅದರ ಅಡಿ ಮುಟ್ಟಿದ. "ಮೈ ಬಿಸಿ ಐತಿ. ತಿಂದದ್ದು ಹತ್ತವಲ್ದು. ಜಂತಾಗ್ಯಾವ ಇದಕ್ಕ. ನಿಮ್ಮ ಚೀಲದಾಗ ಐತೆಲ್ಲ ಬಾಟ್ಲಿ, ಎರಡು ಮುಚ್ಚಳ ಕುಡಸ್ರಿ."

ನನಗೆ ನಗು ಬಂತು. ಅಜ್ಜ ನಗಲಿಲ್ಲ. ಈಗ ನನ್ನನ್ನು ಮೇಲೆ ಕೆಳಗೆ ನೋಡುತ್ತಿದ್ದ.

"ನೀವೂ ಸೊರಗೀರಿ."

"ಹಂಗಾರ ನಾನೂ ಎರಡು ಮುಚ್ಚಳ ಕುಡೀಲೇನು?"

"ಮನ್ಯಾಗ ಯಾರ್ಯಾರ ಅದಾರ?"

"ಯಾರೂ ಇಲ್ಲ. ನಾನೊಬ್ಬನ."

ಅಜ್ಜ ಕೋಲು ಹಿಡಿದು ಎದ್ದ. "ಹಂಗಾರ ನಿಮಗ ಈ ಔಷಧ ಹತ್ತಾಂಗಿಲ್ಲ ಬಿಡ್ರಿ" ಅಂದವನೇ ಕುರಿಗಳ ಹಿಂದೆ ಹೋದ.

೫. ಬೆಳಗಾವಿ ಮಂದಿ

ತಿಂಗಳ ಕೊನೆಯ ದಿನ. ಮಾರಾಟದ ವರದಿ ಸಂಜೆಯೊಳಗೆ ಹುಬ್ಬಳ್ಳಿಗೆ ಮುಟ್ಟಬೇಕು, ಇಲ್ಲವಾದರೆ ನೀವು ಮನೆಯಲ್ಲೇ ಇರಿ ಅಂತ ಮ್ಯಾನೇಜರು ಹೇಳಿದ್ದರು. ಆಕಳ ಸುದ್ದಿ ಹಬ್ಬಿದ ಮೇಲೆ ಅವರ ದನಿ ಹಾಗೇ ಆಗಿತ್ತು. ಖಾನಾಪುರ ಪೇಟೆಯಲ್ಲಿ ಕೂತು ವರದಿ ಬರೆಯುತ್ತಿದ್ದೆ, ಅರ್ಧಕ್ಕೆ ಬ್ಯಾಟರಿ ಹೋಯಿತು. ಪೇಟೆಯ ಅಂಗಡಿಗಳಲ್ಲಿ ಕರೆಂಟ್ ಇರಲಿಲ್ಲ. ಒಳಗಿನ ಓಣಿಗೆ ಹೋಗಿ ನೋಡಿದರೆ ಒಂದು ಮನೆಯ ಬಾಗಿಲು ತೆರೆದಿದೆ, ಒಳಗೆ ಫ್ಯಾನು ತಿರುಗುತ್ತಿದೆ, ಹೊರಗೆ ಚಪ್ಪಲಿಯ ರಾಶಿ. ಏನೋ ಕಾರ್ಯಕ್ರಮವಿರಬೇಕು, ಮಂದಿ ಸೇರಿದ ಮನೆಯಲ್ಲಿ ಒಂದು ಪ್ಲಗ್ ಕೇಳಲಿಕ್ಕೆ ಸಂಕೋಚವೇನು ಅಂತ ಒಳಗೆ ಹೋದೆ.

ಪಡಸಾಲೆಯಲ್ಲಿ ಕೂತಿದ್ದ ಗಂಡಸರು ಸರಿದು ಜಾಗ ಮಾಡಿದರು. "ಯಾ, ಬಸಾ" ಅಂತ ಒಬ್ಬರು ಮರಾಠಿಯಲ್ಲಿ ಕರೆದರು, ಮತ್ತೊಬ್ಬರು "ಬರ್ರಿ, ಕುಂದರ್ರಿ" ಅಂದರು. ಕೂತೆ.

"ಎಲ್ಲಿಂದ ಬಂದ್ರಿ?" ಅಂತ ಮನೆಯ ಹಿರಿಮಗ ಮೆಲ್ಲಗೆ ಕೇಳಿದ.

"ಬೆಳಗಾವಿಯಿಂದ ರೀ."

ಅವನು ಒಳಗೆ ತಿರುಗಿ, "ಬೆಳಗಾವಿ ಮಂದಿ ಬಂದ್ರು" ಅಂದ. ಅಷ್ಟೇ. ಒಳಗಿನ ಹೆಂಗಸರು ಒಮ್ಮೆಲೇ ಹೋ ಎಂದು ಅಳತೊಡಗಿದರು.

ಆಗ ನೋಡಿದೆ. ಎದುರು ಗೋಡೆಯ ಮೇಲೆ ಮುದುಕಿಯೊಬ್ಬಳ ಫೋಟೋ, ಹೂವಿನ ಮಾಲೆ, ದೀಪ. ಸರಿಯಾಗಿ ಆ ಫೋಟೋದ ಕೆಳಗೆ ಒಂದು ಖಾಲಿ ಪ್ಲಗ್. ಎದ್ದು ಹೋಗುವಂತಿಲ್ಲ, ಕೇಳುವಂತೆಯೂ ಇಲ್ಲ. ಪ್ಲಗ್ಗಿನ ಮೇಲಿಂದ ಕಣ್ಣು ಕೀಳಲಾರದೆ ಕೂತೆ. ನಾನು ಫೋಟೋವನ್ನೇ ನೋಡುತ್ತಿದ್ದೇನೆ ಅಂತ ಎಲ್ಲರೂ ತಿಳಿದರು. ಮಗಳು ಹೊರಗೆ ಬಂದು ನನ್ನ ಎದುರು ಕುಸಿದು ಕೂತು, ಎರಡೂ ಕೈ ಹಿಡಿದುಕೊಂಡು, "ನಮ್ಮವ್ವ ಹೋದ್ಲಲ್ರೀ ಅಣ್ಣಾರ" ಅಂದಳು.

ನನ್ನ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ, ಒಂದು ಮುಂಜಾನೆ. ಆಗ ನನ್ನ ಜೊತೆ ಯಾರೂ ಇರಲಿಲ್ಲ. ಸಹಿ ಮಾಡಬೇಕಿತ್ತು, ಗಾಡಿ ಹುಡುಕಬೇಕಿತ್ತು, ಎತ್ತಲಿಕ್ಕೆ ನಾಲ್ಕು ಮಂದಿಯನ್ನು ಕರೆಯಬೇಕಿತ್ತು. ಎಲ್ಲ ಮುಗಿಸಿ ಮನೆಗೆ ಬಂದಾಗ, ಕೈ ಹಿಡಿದು ಹೀಗೆ ಅನ್ನಲಿಕ್ಕೆ ಒಂದು ಜೀವ ಇರಲಿಲ್ಲ. ಎರಡು ದಿನ ಬಿಟ್ಟು ಕೆಲಸಕ್ಕೆ ಹೋದೆ. ಅಳುವುದು ಹಾಗೆಯೇ ಉಳಿದುಬಿಟ್ಟಿತ್ತು.

ಅದು ಅಲ್ಲಿ, ಗುರುತಿಲ್ಲದ ಮನೆಯ ಪಡಸಾಲೆಯಲ್ಲಿ ಬಂತು. ಮಗಳಿಗಿಂತ ಜೋರಾಗಿ ಅತ್ತೆ. ಯಾರೋ ಬೆನ್ನು ಸವರಿದರು, ಯಾರೋ ನೀರು ಕೊಟ್ಟರು. ಅಳುತ್ತಿದ್ದ ಹೆಂಗಸರೆಲ್ಲ ತಮ್ಮದು ನಿಲ್ಲಿಸಿ ನನ್ನನ್ನು ಸಮಾಧಾನ ಮಾಡಲಿಕ್ಕೆ ನಿಂತರು.

ಕೊನೆಗೆ ಹಿರಿಮಗ ಬಾಜೂಕ ಬಂದು ಕೂತ. "ನಮ್ಮವ್ವನ ಮ್ಯಾಲೆ ಇಷ್ಟು ಜೀವ ಇಟಗೊಂಡಾವ್ರು... ನಿಮಗ ಆಕೀ ಗುರುತು ಹೆಂಗ್ರಿ?"

ಆ ಮನೆಯಲ್ಲಿ ಕೂತು ಸುಳ್ಳು ಹೇಳಲಿಕ್ಕೆ ಆಗಲಿಲ್ಲ. "ಗುರುತಿಲ್ರಿ" ಅಂದೆ.

"ಮತ್ತ?"

ಕಣ್ಣೊರೆಸಿಕೊಂಡು ಚೀಲ ತೋರಿಸಿದೆ. "ನನ್ನ ಬ್ಯಾಟರಿ ಹೋಗಿತ್ರಿ. ಒಂದೀಟು ಚಾರ್ಜಿಗೆ ಹಚ್ಚೂಣು ಅಂತ ಬಂದಿದ್ದೆ."

ಬಾಗಿಲ ಕಡೆ ನೋಡಿದೆ, ಓಡಿದರೆ ಎಷ್ಟು ದೂರ ಹೋದೇನು ಅಂತ. ಅಷ್ಟರಲ್ಲಿ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗತೊಡಗಿದವು. ಮತ್ತೆ ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ಅವಳನ್ನು ನೋಡಿ ಅಣ್ಣ ನಕ್ಕ, ಅಣ್ಣನನ್ನು ನೋಡಿ ಮಂದಿಯೆಲ್ಲ ನಕ್ಕರು. ಮಣ್ಣಿಗೆ ಹೋಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲವಂತೆ.

ಮೂಲೆಯಲ್ಲಿ ತೀರಿಕೊಂಡವಳ ತಂಗಿ ಕೂತಿದ್ದಳು, ಮುಪ್ಪಿನ ಆಯಿ, ಕಿವಿ ಮಂದ. "ಏನಂತ? ಏನಾತಂತ?" ಅಂತ ಒಬ್ಬೊಬ್ಬರ ಸೆರಗು ಜಗ್ಗಿ ಕೇಳುತ್ತಿದ್ದಳು.

ಮಗಳು ಅವಳ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಇವರದು ಬ್ಯಾಟರಿ ಹೋಗೇತಂತ ಆಯೀ!"

ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಇವರದೂ ಹೋತನು? ವಯಸ್ಸೆಷ್ಟಾಗಿತ್ತಪಾ?"

ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಆಯಿ ಮಾತ್ರ ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದಳು. ಅವ್ವ ಹೋದ ಈ ಮೂರು ವರ್ಷಗಳಲ್ಲಿ ಆಕೆಯ ವಯಸ್ಸೆಷ್ಟಾಗಿತ್ತು ಅಂತ ಯಾರೂ ಕೇಳಿರಲಿಲ್ಲ ಅನ್ನುವುದು ಆಗ ನೆನಪಿಗೆ ಬಂತು.

"ಎಪ್ಪತ್ತೆರಡು ರೀ ಆಯೀ" ಅಂದೆ.

ಆಯಿ ಮೊಣಕಾಲಿನ ಮೇಲೆ ಸರಿಯುತ್ತ ನನ್ನ ತನಕ ಬಂದಳು. ಒಣಗಿದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು.

"ಎಪ್ಪತ್ತೆರಡಾ? ಹಂಗಾರ ತುಂಬು ಬಾಳೇವು ಮಾಡೇತಿ ಬಿಡೋ ನಮ್ಮಪ್ಪಾ. ಸಾಕು, ಇನ್ನ ಅಳಬ್ಯಾಡ."