ಪಂಚಾಯಿತಿ ಬಾವಿಯ ರಾಟೆ

ಸರ್ಕಾರಿ ಕುರ್ಚಿಗೂ ನಾಲಗೆಗೂ ಏನೋ ಒಳಸಂಬಂಧವಿರಬೇಕು. ಮನೆಯಲ್ಲಿ ಹೆಂಡತಿ ಏನು ಹೇಳಿದರೂ ತಡಮಾಡದೆ 'ಹೂಂ' ಎನ್ನುವ ನಾನು, ಆ ಕುರ್ಚಿಯಲ್ಲಿ ಕೂತೊಡನೆ 'ನೋಡೋಣ' ಎನ್ನುತ್ತಿದ್ದೆ. ಇದು ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಪಂಚಾಯಿತಿ ಕಾರ್ಯದರ್ಶಿಯಾಗಿದ್ದ ಕಾಲದ ಮಾತು, ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಊರ ಬಾವಿಯ ರಾಟೆ ಮುರಿದಿದೆ ಎಂದು ಪಾಪಮ್ಮ ಬಂದಾಗಲೂ ಅದನ್ನೇ ಅಂದೆ. ಆಕೆಯ ಮಗ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೂಲಿ. ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಸೊಸೆ ರತ್ನ ಹಸಿ ಬಾಣಂತಿ.

"ತಾಲ್ಲೂಕಿಗೆ ಬರೆದಿದ್ದೀನಮ್ಮ, ಮಂಜೂರಾಗಿ ಬರಲಿ," ಎಂದೆ.

"ಅದು ಬರೋಗಂಟ ನನ್ ಸೊಸೆ ಬರೀ ಕೈಲಿ ಸೇದ್ಬೇಕಾ ಸಾಮಿ? ನನ್ ತೋಳ್ನಾಗೆ ಕಸುವಿಲ್ಲ. ಮೊನ್ನೆ ಅವ್ಳು ಕಾಲ್ ಜಾರಿ ಬಾವಿಗೇ ಬೀಳ್ತಿದ್ಲು!"

"ನೋಡೋಣ."

ಮರುದಿನ ಬೆಳಿಗ್ಗೆ ಪಾಪಮ್ಮ ಖಾಲಿ ಕೊಡ ಹೊತ್ತು ಬಂದು, ಅದನ್ನು ನನ್ನ ಮೇಜಿನೆದುರು ಇಟ್ಟು ಕೂತಳು. ಬೈಗುಳವಿಲ್ಲ, ಅಳುವಿಲ್ಲ. ಸಭೆಗೆಂದು ಬಂದ ಅಧ್ಯಕ್ಷರು ಹೊಸ್ತಿಲಲ್ಲೇ ಖಾಲಿ ಕೊಡ ಕಂಡು, ಅಪಶಕುನವೆಂದು ಹಾಗೇ ಹಿಂದಿರುಗಿದರು.

"ಮನೆಗೆ ಹೋಗಮ್ಮ," ಎಂದು ಗೋಗರೆದೆ.

"ಮನೇಲಿ ನೀರಿಲ್ಲ. ಓಗಿ ಏನ್ ಮಾಡ್ಲಿ? ನೀವೇ ಒಂದ್ಕಿತ ಬಾವಿ ತಾವ ಬಂದು ನೋಡಿ."

ನೋಡೋಣ ಎಂದವನು ನೋಡಲೇ ಇರಲಿಲ್ಲವಲ್ಲ! ಹೋದೆ. ಮಗುವನ್ನು ಮರದ ನೆರಳಲ್ಲಿ ಮಲಗಿಸಿ, ರತ್ನ ಬಾವಿಯೊಳಕ್ಕೆ ಬಾಗಿ ಹಗ್ಗ ಎಳೆಯುತ್ತಿದ್ದಳು. ಅಂಗೈ ಕಿತ್ತು ಹಗ್ಗಕ್ಕೆ ರಕ್ತ ಮೆತ್ತಿತ್ತು. ನನ್ನನ್ನು ಕಂಡು ನಾಚಿ, ಕೈಯನ್ನು ಸೆರಗಿನಲ್ಲಿ ಮರೆಮಾಡಿದಳು. ಆಮೇಲೆ ಆ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸು ಬರಲಿಲ್ಲ.

ಮಧ್ಯಾಹ್ನವೇ ಬಂಗಾರಪೇಟೆಗೆ ಹೋಗಿ, ಕಬ್ಬಿಣದಂಗಡಿಯಲ್ಲಿ ರಾಟೆ ಕೊಂಡು, ಹೆಗಲ ಮೇಲೇರಿಸಿಕೊಂಡು ಬಂದೆ. ದಾರಿಯಲ್ಲಿ ಸಿಕ್ಕ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು, "ಮಂಜೂರಾತಿ ಎಲ್ಲಿ?" ಎಂದರು. "ಹೆಗಲ ಮೇಲಿದೆ," ಎಂದೆ. ಜನ್ಮದಲ್ಲಿ ನಾನಾಡಿದ ಒಂದೇ ಧೈರ್ಯದ ಮಾತು ಅದು.

ಸಂಜೆಗೆ ಕಮ್ಮಾರ ರಾಟೆ ಕೂರಿಸಿದ. ಊರವರೆಲ್ಲ ಸೇರಿ, ಮೊದಲ ಕೊಡ ನಾನೇ ಸೇದಬೇಕೆಂದರು. ಉಬ್ಬಿಹೋಗಿ ಅಂಗಿಯ ತೋಳು ಮಡಚಿದೆ. ಕೊಡ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಹಗ್ಗ ಜಾರಿ ಕೊಡ ದುಡುಮ್ಮನೆ ಕೆಳಗೆ ಬಿತ್ತು. ರತ್ನ ಮೊದಲ ಸಲ ನನ್ನೆದುರು ನಕ್ಕಳು. ಪಾಪಮ್ಮ ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡು, ಮಗುವಿಗೆ ಹೇಳುವಷ್ಟು ಮೆತ್ತಗೆ ಅಂದಳು:

"ಸಾಕು ಬಿಡಿ ಸಾಮಿ, ಇನ್ ನಾವ್ ನೋಡ್ಕೋತೀವಿ. ನೀವು ಓಗಿ ಕುಂತ್ಕಂಡು ಬರ್ಕಳಿ."