ಮುಂಜಾನಿ ಪಾಳಿಯ ಮುತ್ತು

ಇಂಥಾವೆಲ್ಲಾ ನನ್ನ ಪಾಳಿಯೊಳಗ ಯಾಕ ಆಗ್ತಾವೋ ದೇವ್ರಿಗೇ ಗೊತ್ತು. ನ್ಯೂಜಿಲೆಂಡಿನ ಟೌರಂಗಾ ಊರಿನ ಒಂದು ವೃದ್ಧಾಶ್ರಮದಾಗ ನಾ ಸೂಪರ್‌ವೈಸರ್. ಹೆಸರಷ್ಟ ದೊಡ್ಡದು. ಯಾರರೆ ರಜಾ ಹಾಕಿದ್ರ ಅವರ ಕೆಲಸಾ ನಾನ ಮಾಡ್ಬೇಕು. ಸಾಕಾಗಿ ಹೋಗೇತ್ರೀ.

ನಮಸ್ಕಾರ

ಕೊಲಂಬಿಯಾದ ಹುಡುಗಿ ಒಬ್ಬಾಕಿ ಕೆಲಸಕ್ಕ ಸೇರಿದಳು. ಮೂರು ತಿಂಗಳ ಟ್ರಯಲ್. ದಾಟಿದ್ರ ನೌಕರಿ, ವೀಸಾ ಎರಡೂ ಗಟ್ಟಿ. ಇಲ್ಲಾಂದ್ರ ವಾಪಸ್ ಊರಿಗೆ. ಬಂದಾಕಿನ ನನ್ನ ಗಲ್ಲಕ್ಕೊಂದು ಮುತ್ತು ಕೊಟ್ಟು, "ನಮ್ಮ ಕಡೆ ನಮಸ್ಕಾರ ಹಿಂಗ," ಅಂದಳು.

ನಾ ಎರಡೂ ಕೈ ಜೋಡಿಸಿ, "ನಮ್ಮ ಕಡೆ ಹಿಂಗ. ದೂರಿಂದ," ಅಂದೆ.

ಮನಿಗೆ ಹೋಗಿ ಹೆದರ್ಕೋತ ಹೆಂಡತಿಗೆ ಹೇಳಿದೆ. "ಅಯ್ಯ ಪಾಪ, ಚುಚ್ಚಿರಬೇಕು ಆಕಿಗೆ. ನಾಳೆ ದಾಡಿ ಮಾಡ್ಕೊಂಡು ಹೋಗ್ರಿ," ಅಂದಳು.

ಊಟದ ಹೊತ್ತು

"ಆಕಿಗೆ ಇಲ್ಲಿ ರೀತಿ ಕಲಿಸು," ಅಂತ ಮ್ಯಾನೇಜರ್ ಮೇಡಂ ನನಗ ಗಂಟು ಹಾಕಿದ್ರು. ಒಂದಿನ ಮೇಡಂ ಮನ್ಯಾಗ ಸಂಜಿ ಆರು ಗಂಟೆಗೆ ನಮಗೆಲ್ಲಾ ಊಟ. ಹುಡುಗಿ ಏಳೂವರಿಗೆ ಬಂದಳು. ಒಳಗ ಎಲ್ಲಾರೂ ಉಂಡು ತಾಟು ತೊಳ್ಯಾಕ ಹತ್ತಿದ್ರು.

"ಹೇಳಿದ ಟೈಮಿಗೇ ಹೋದ್ರ ಮನಿಯವರು ಇನ್ನೂ ಜಳಕಾ ಮಾಡ್ತಿರ್ತಾರಲ್ಲ?" ಅಂದಳು.

ಬುದ್ಧಿ ಹೇಳಬೇಕಂದೆ. ಹೆಂಗ ಹೇಳ್ಲಿ? ನಾನೂ ಆಗಷ್ಟ ಕಾರ್ ನಿಲ್ಲಿಸಿ ಇಳ್ಯಾಕ ಹತ್ತಿದ್ದೆ.

ಕಂಪ್ಲೇಂಟ್

ಆಕಿ ಮುಂಜಾನಿ ಚಹಾ ಕೊಡೂಮುಂದ ಅಜ್ಜ-ಅಜ್ಜಿಯರಿಗೆಲ್ಲಾ ಗಲ್ಲಕ್ಕೊಂದು ಮುತ್ತು ಕೊಡ್ತಿದ್ದಳು. ಮೇಡಂ ನೋಡಿದ್ರು. "ಇದು ಬಂದ್ ಆಗ್ಬೇಕು. ಒಂದು ಕಂಪ್ಲೇಂಟ್ ಬಂದ್ರ ಆಕಿ ಮನಿಗೆ."

ಹೇಳೂ ಪಾಪದ ಕೆಲಸಾನೂ ನನಗ. ಹುಡುಗಿ ಕಣ್ಣೊರಿಸ್ಕೊಂಡು, ಮರುದಿನದಿಂದ ಬರೇ "ಗುಡ್ ಮಾರ್ನಿಂಗ್" ಅನ್ನಾಕ ಹತ್ತಿದಳು.

ಟ್ರಯಲ್ ಮುಗಿಯೂ ವಾರಾನ ಕಂಪ್ಲೇಂಟ್ ಬಂತು. ಜನ್ಮಪೂರ್ತಿ ದನಾ ಸಾಕಿದ ಸಿಡುಕ ಅಜ್ಜ ಒಬ್ಬಾಂವ, ಯಾರ ಜೋಡಿನೂ ಮಾತಾಡದಾಂವ, ವಾಕರ್ ತಳ್ಳಿಕೋತ ಆಫೀಸಿಗೆ ಬಂದಾನ! ಮುಗೀತು ಹುಡುಗಿ ಕಥಿ ಅಂದ್ಕೊಂಡೆ.

"ಆ ಹುಡುಗಿ ನನಗ ಮುತ್ತು ಕೊಡೂದು ಬಿಟ್ಟಾಳ. ನಾ ಏನ್ ತಪ್ಪು ಮಾಡೇನಿ?" ಅಂದ.

ಮೇಡಂ ಎದ್ದು ಅಜ್ಜಗ ಕುರ್ಚಿ ಸರಿಸಿಕೊಟ್ರು. ಕಡೀಕ, "ಕೇಳಿದವರಿಗಷ್ಟ ಕೊಡ್ಲಿ," ಅಂದ್ರು. ನೌಕರಿ ಗಟ್ಟಿ ಆತು. ನಾ ಉಸಿರು ಬಿಟ್ಟೆ.

ಮುಂದಿನ ವಾರ ಆಕಿ ರಜಾ ಹಾಕಿದಳು. ಚಹಾದ ಗಾಡಿ ನನ್ನ ಪಾಲಿಗೆ ಬಂತು. ಅಜ್ಜ ಕಪ್ಪು ತಗೊಂಡು ಗಲ್ಲಾ ಮುಂದ ಮಾಡಿ ಕುಂತ.

"ಅಜ್ಜಾ, ಆಕಿ ಇವತ್ತು ರಜಾ."

"ಗೊತ್ತೈತಿ. ರಜಾ ಹಾಕಿದವರ ಕೆಲಸಾ ನೀನ ಮಾಡ್ತೀಯಲ್ಲ?"

ಪುಣ್ಯಾಕ್ಕ ಅವತ್ತು ದಾಡಿ ಮಾಡ್ಕೊಂಡಿದ್ದೆ.