ಫ್ರಿಜ್ಜಿನ ಪಂಚನಾಮೆ

ಸಾಕ್ಷಿ ಹೇಳುವವನಿಗೆ ಎರಡು ಗುಣ ಇದ್ದರೆ ಸಾಕು ಎಂದು ನಾನು ಬಹಳ ವರ್ಷ ನಂಬಿದ್ದೆ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಕಾಣದ್ದನ್ನು ಹೇಳಬಾರದು. ಗಡಿಭಾಗದ ಜತ್ತದ ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ನಾನು ಪಂಚನಾಮೆ ಬರೆದವನು. ಅಂದರೆ ಜಗಳದ ಜಾಗಕ್ಕೆ ಹೋಗುವುದು, ಅಲ್ಲಿ ಏನೇನಿದೆಯೋ ಅದನ್ನೆಲ್ಲ ಇಬ್ಬರು ಪಂಚರ ಎದುರಿನಲ್ಲಿ ಬರೆಯುವುದು, ಅವರ ಸಹಿ ಹಾಕಿಸುವುದು. ಒಮ್ಮೆ ದರಿಬಡಚಿಯಲ್ಲಿ ಹೊಲದ ಮೇರೆಗೆ ನೆಟ್ಟ ಬಾಂದಿನ ಕಲ್ಲು ಹುಡುಕಲು ಹೋದಾಗ ಕಲ್ಲು ಕಾಣಲಿಲ್ಲ. ಅದು ಇರಬೇಕಾದಲ್ಲಿ ಒಂದು ಎಮ್ಮೆ ಮಲಗಿತ್ತು. "ಕಲ್ಲು ಕಂಡುಬಂದಿಲ್ಲ. ಎಮ್ಮೆ ಒಂದು, ಮಲಗಿದ ಸ್ಥಿತಿಯಲ್ಲಿ" ಎಂದು ಬರೆದು ಬಂದೆ. ಎಮ್ಮೆಯನ್ನು ಎಬ್ಬಿಸಿ ನೋಡಬಾರದಿತ್ತೇ ಎಂದು ಸಾಹೇಬರು ಕೂಗಾಡಿದರು. ಎಬ್ಬಿಸುವುದು ನನ್ನ ಕೆಲಸವಲ್ಲ, ಬರೆಯುವುದು ನನ್ನ ಕೆಲಸ ಎಂದು ವಿನಯದಿಂದ ಹೇಳಿದೆ. ಇಂಥ ನನ್ನನ್ನು ನಿವೃತ್ತಿಯಾದ ಮೇಲೆ ಒಂದು ಫ್ರಿಜ್ಜು ಹಿಡಿದು ಅಲುಗಾಡಿಸಿಬಿಟ್ಟಿತು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಕೊನೆಗೆ ಏನಾಯಿತು ಎಂಬುದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ನನ್ನ ತಮ್ಮ ಬಸವರಾಜ ಒಣದ್ರಾಕ್ಷಿ ವ್ಯಾಪಾರಿ. ನಾವಿಬ್ಬರೂ ಕೂಡಿಯೇ ಇದ್ದೇವೆ. ಹೋದ ವರ್ಷ ಅವನು ಹೊಸ ಮನೆ ಕಟ್ಟಿಸಿ, ಸಾಂಗಲಿಯವರಿಂದ ಅಡುಗೆಮನೆ ಮಾಡಿಸಿದ. ಅದರಲ್ಲಿ ಒಂದು ಫ್ರಿಜ್ಜು ಇದೆ ಎಂದು ಹೇಳುತ್ತಾರೆ. ಹೇಳುತ್ತಾರೆ ಎಂದು ಯಾಕೆ ಬರೆದೆನೆಂದರೆ ಅದು ಕಾಣುವುದಿಲ್ಲ. ಗೋಡೆಯ ಒಳಗೇ ಕೂತಿದೆ. ಅದರ ಬಾಗಿಲಿಗೂ ಕಪಾಟುಗಳ ಬಾಗಿಲಿನದೇ ಕಟ್ಟಿಗೆ, ಅದೇ ಬಣ್ಣ. ಮೊದಲ ವಾರ ನಾನು ತಣ್ಣೀರಿಗೆಂದು ಹೋಗಿ ಮೂರು ಸಲ ಕಸಬರಿಗೆಯ ದರ್ಶನ ಮಾಡಿ ಬಂದೆ. ಮುಚ್ಚಂಡಿಯಿಂದ ಫ್ರಿಜ್ಜು ನೋಡಲೆಂದೇ ಬಂದ ನಮ್ಮ ಅತ್ತೆಯವರು ಮಸಾಲೆ ಡಬ್ಬಿಗಳ ಕಪಾಟಿನ ಬಾಗಿಲ ಮೇಲೆ ಕೈಯಾಡಿಸಿ, "ಭಾಳ ತಂಪೈತಿ ಬಿಡ್ರಿ" ಎಂದು ಹೊಗಳಿ ಹೋದರು. ನಾವೂ ತಿದ್ದಲಿಲ್ಲ.

ಈ ಸಲ ಮಳೆ ಹಿಡಿದುಕೊಂಡ ದಿನಗಳಲ್ಲಿ ಫ್ರಿಜ್ಜು ಕೆಟ್ಟಿತು. ಹೇಗೆ ಕೆಟ್ಟಿತು ಎಂಬುದೇ ಗೊಂದಲ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ತಣ್ಣಗೆ. ಸಂಜೆ ನೋಡಿದರೆ ಹಾಲು ಒಡೆದಿರುತ್ತಿತ್ತು. ಒಡೆದ ಹಾಲಿನ ಎರಡನೆಯ ದಿನ ಬಸವರಾಜನ ಹೆಂಡತಿ ಸುಜಾತಾ ಒಲೆಯ ಕಡೆ ಮುಖ ಮಾಡಿ, "ಬಿಸಿ ಹಾಲ ಒಯ್ದು ಒಳಗ ಇಟ್ರ ಯಾವ ಮಷಿನ್ ತಡದೀತು?" ಎಂದಳು. ಒಲೆ ಉತ್ತರ ಕೊಡಲಿಲ್ಲ. ಹಾಲು ಕಾಯಿಸುವವಳು ನನ್ನ ಹೆಂಡತಿ ಕಮಲಾ. ಅವಳು ಪಾತ್ರೆಗಳ ಕಡೆ ಮುಖ ಮಾಡಿ, "ಆರಿಸದ ನಾ ಯಾವತ್ತೂ ಇಟ್ಟಿಲ್ಲ. ಸುಳ್ಳ ಹೇಳೂ ಚಟ ನಮ್ಮ ಮನಿತನದಾಗ ಇಲ್ಲ" ಎಂದಳು. ಅಂದಿನಿಂದ ನೆಗೆಣ್ಣಿಯರಿಬ್ಬರ ಮಾತು ನಿಂತಿತು. ಇಪ್ಪತ್ತು ವರ್ಷ ಒಂದೇ ಪರಾತದಲ್ಲಿ ಹಿಟ್ಟು ನಾದಿದವರು ಇವರು. ಕಮಲಾ ನನ್ನನ್ನು ದೇವರ ಕೋಣೆಗೆ ಕರೆದು ಮೆಲ್ಲಗೆ, "ನನ್ನ ತಪ್ಪಿಲ್ಲಂತ ಎಲ್ಲಾರ ಮುಂದ ಸಿದ್ಧ ಮಾಡ್ರಿ. ಇಲ್ಲಂದ್ರ ಒಲಿ ಬ್ಯಾರೆ ಹೂಡ್ರಿ" ಎಂದಳು. ಕೂಗಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಊರಿನ ಮೆಕ್ಯಾನಿಕ್ ಮಹಾದೇವನನ್ನು ಕರೆಸಿದೆ. ಅವನು ಕಟ್ಟಿಗೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ.

"ಗ್ಯಾಸ ಖಾಲಿ ಆಗೈತ್ರಿ ಕಾಕಾ."

"ಕಿವಿಗೆ ಹ್ಯಾಂಗ ಗೊತ್ತಾತಪಾ?"

"ಗುಂಯ್ ಅಂತ ಓಡಾಕತ್ತೈತಿ, ನಿಲ್ಲವಲ್ದು. ತಂಪೂ ಇಲ್ಲ. ಅಂದ್ರ ಗ್ಯಾಸ ಇಲ್ಲ."

ಅವನು ಇದನ್ನು ಹೇಳಿ ಮುಗಿಸುವುದಕ್ಕೂ ಕೆಳಗೆ ಟಕ್ ಎಂದು ಸದ್ದಾಗಿ ಗುಂಯ್ ನಿಲ್ಲುವುದಕ್ಕೂ ಸರಿಹೋಯಿತು. ಮಹಾದೇವ ಕಣ್ಣು ತೆರೆದ. "ಹಂಗಾರ ಕಂಪ್ರೆಸರ್ ಹ್ವಾದಂಗ ಐತ್ರಿ."

"ಗ್ಯಾಸ ಹೋಗೈತೋ, ಕಂಪ್ರೆಸರ್ ಹೋಗೈತೋ? ಒಂದ ಹೇಳು."

"ಎರಡೂ ಇರಬಹುದ್ರಿ. ಒಂದ ಹೋದ್ರ ಇನ್ನೊಂದಕ್ಕ ಬ್ಯಾಸರ ಆಗ್ತೈತಿ."

ನಾನು ಬಿಡಲಿಲ್ಲ. ಕುಳಿತು ವಿವರವಾಗಿ ಕೇಳಿ ತಿಳಿದುಕೊಂಡೆ. ಕಂಪ್ರೆಸರ್ ಎಂದರೆ ಗ್ಯಾಸನ್ನು ಕೊಳವೆಗಳಲ್ಲಿ ದೂಡುವ ಯಂತ್ರ. ಗ್ಯಾಸು ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ. ಹೊರುವವನು ಇಲ್ಲದಿದ್ದರೂ ತಂಪಿಲ್ಲ, ದೂಡುವವನಿಗೆ ಶಕ್ತಿ ಇಲ್ಲದಿದ್ದರೂ ತಂಪಿಲ್ಲ. ಹೊರಗೆ ನಿಂತವನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಎಂದು ತಿಳಿಯಬೇಕಾದರೆ ಕೊಳವೆ ಕೊಯ್ದು ನೋಡಬೇಕು ಎಂದು ಮಹಾದೇವ ಚೀಲ ಬಿಚ್ಚಿದ. ನಾನು ತಾಸಗಾವದಲ್ಲಿದ್ದ ಬಸವರಾಜನಿಗೆ ಫೋನ್ ಮಾಡಿದೆ. "ಅಣ್ಣಾ, ಪೈಪಿಗೆ ಕೈ ಹಚ್ಚಾಕ ಬಿಡಬ್ಯಾಡ! ಒಮ್ಮೆ ಕೊಯ್ದ್ರ ಕಂಪನಿಯವ್ರು ಹೊಳ್ಳಿ ನೋಡಂಗಿಲ್ಲ" ಎಂದು ಅವನು ಅರಚಿದ. ಕಂಪನಿಯವರಿಗೆ ಫೋನ್ ಮಾಡಿದರೆ, ಮಿಸ್ತ್ರಿ ಆರು ದಿನ ಬಿಟ್ಟು ಬರುತ್ತಾನೆ, ಅಲ್ಲಿಯವರೆಗೆ ಏನೇನಾಗುತ್ತದೆ ಬರೆದಿಡಿ ಎಂದು ಮರಾಠಿಯಲ್ಲಿ ಹೇಳಿದರು.

ಬರೆದಿಡಿ! ನನಗೆ ಹೀಗೆ ಹೇಳಬಾರದಿತ್ತು. ನಾನು ಹೊಸ ನೋಟುಬುಕ್ಕು ತಂದು, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿದೆ. ಬೆಳಿಗ್ಗೆ ಆರಕ್ಕೂ ಒಂಬತ್ತಕ್ಕೂ ಒಳಗಿನ ಅಂಕಿ ನಾಲ್ಕು ಡಿಗ್ರಿ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಟಕ್. ಹನ್ನೊಂದು ಮೂವತ್ತೈದಕ್ಕೆ ಮತ್ತೆ ಗುಂಯ್. ಹನ್ನೆರಡು ಗಂಟೆಗೆ ಟಕ್. ಸಂಜೆ ಆರಕ್ಕೆ ಹದಿನೇಳು ಡಿಗ್ರಿ. ಹಾಲಿನ ಪಾತ್ರೆ ಇಡುವ ಮೊದಲು ಅದಕ್ಕೆ ಕೈ ಹಚ್ಚಿ ನೋಡಿ "ತಣ್ಣಗಿದೆ" ಎಂದು ಬರೆದು ಕಮಲಾಳ ಸಹಿ ಹಾಕಿಸಿದೆ. ಇನ್ನೊಬ್ಬ ಪಂಚರ ಸಹಿ ಬೇಕಲ್ಲ ಎಂದು ಸುಜಾತಾಳ ಹತ್ತಿರ ಒಯ್ದರೆ ಅವಳು, "ನಾ ಸಾಲಿಗೆ ಹೊಂಟೀನ್ರಿ ಭಾವಾರ, ಬಸ್ ತಪ್ಪತೈತಿ" ಎಂದು ಹೋದಳು. ಅವಳು ಕನ್ನಡ ಶಾಲೆಯ ಶಿಕ್ಷಕಿ. ಸ್ಥಳದ ವಿವರವನ್ನೂ ಬಿಡಲಿಲ್ಲ: ಎಡಕ್ಕೆ ಕಪಾಟು, ಬಲಕ್ಕೆ ಕಪಾಟು, ಮೇಲೆ ಗೋಡೆ, ಕೆಳಗೆ ನೆಲದ ಹತ್ತಿರ ನಾಲ್ಕು ಬೆರಳು ಎತ್ತರದ ಕರಿ ಜಾಳಿಗೆ, ಅದರ ಮುಂದೆ ಮಣೆ ಒಂದು, ಮಣೆಯ ಮೇಲೆ ರೊಟ್ಟಿ ಬುಟ್ಟಿ ಒಂದು. ಆರು ದಿನಕ್ಕೆ ನಲವತ್ತೆರಡು ಪುಟ ತುಂಬಿತು. ಬರೆದಷ್ಟೂ ನನಗೆ ಏನೂ ತಿಳಿಯದಾಯಿತು.

ಏಳನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಮಿಸ್ತ್ರಿ ಅಶೋಕ ಬಂದ. ಮೂಲತಃ ಇಲ್ಲೇ ಹತ್ತಿರದ ಸನಮಡಿಯವನು, ಕನ್ನಡದವನು. ರವಿವಾರವಾದ್ದರಿಂದ ನೆಗೆಣ್ಣಿಯರಿಬ್ಬರೂ ಮನೆಯಲ್ಲಿದ್ದರು, ಅಡುಗೆಮನೆಯ ಎರಡು ತುದಿಗಳಲ್ಲಿ. ಅವನು ಕೊಳವೆ ಕೊಯ್ಯಲಿಲ್ಲ, ಕಿವಿಯನ್ನೂ ಹಚ್ಚಲಿಲ್ಲ. ಫ್ರೀಜರಿನ ಒಳಗಿನ ಹಲಗೆ ಬಿಚ್ಚಿ ಬ್ಯಾಟರಿ ಬಿಟ್ಟು ನೋಡಿದ. "ಬರ್ರಿ ಸಾಹೇಬ್ರ, ನೋಡ್ರಿ. ಮಂಜು ಈ ತುದಿಯಿಂದ ಆ ತುದಿತನಕ ಒಂದ ಸಮ ಕೂತೈತಿ. ಗ್ಯಾಸ ಕಡಿಮಿ ಇದ್ರ ಮೊದಲನೇ ಸುತ್ತಿಗಷ್ಟ ಕೂಡತಿತ್ತು." ಆಮೇಲೆ ವೈರಿಗೆ ಒಂದು ಇಕ್ಕಳದಂಥ ಮೀಟರು ಹಾಕಿ ಕಂಪ್ರೆಸರ್ ಎಳೆಯುವ ಕರೆಂಟು ನೋಡಿದ. ಅದೂ ಸರಿಯಾಗಿತ್ತು.

"ಹಂಗಾರ ಏನೂ ಕೆಟ್ಟಿಲ್ಲೇನ?" ಎಂದೆ. ನನಗೆ ನಿಜವಾಗಿ ಸಂಕಟವಾಯಿತು. ಏನೂ ಕೆಟ್ಟಿಲ್ಲ ಎಂದರೆ ಉಳಿಯುವುದು ಬಿಸಿ ಹಾಲು ಒಂದೇ.

ಅವನು ನನ್ನ ನೋಟುಬುಕ್ಕು ಕೇಳಿದ. ಅದನ್ನು ಪೂರ್ತಿ ಓದಿದ ಮೊದಲನೆಯ ಮನುಷ್ಯ ಅವನೇ. "ರಾತ್ರಿ ಇದು ಚಲೋ ಇರ್ತೈತಿ, ಬೆಳಿಗ್ಗೆ ನಾಕು ಡಿಗ್ರಿ. ಒಂಬತ್ತು ಹೊಡದ ಮ್ಯಾಲ ಕೆಡತೈತಿ. ಒಂಬತ್ತಕ್ಕ ಏನಾಗ್ತೈತ್ರಿ ಈ ಮನ್ಯಾಗ?"

"ಏನೂ ಇಲ್ಲ. ಚಹಾ ಕುಡೀತೀನಿ."

ಅವನು ಪುಟ ಹಿಂದೆ ತಿರುವಿದ, ಮುಂದೆ ತಿರುವಿದ. ಕೆಳಗೆ ಕೂತು ಮಣೆಯನ್ನೂ ಬುಟ್ಟಿಯನ್ನೂ ಪಕ್ಕಕ್ಕೆ ಸರಿಸಿ ಕರಿ ಜಾಳಿಗೆಗೆ ಅಂಗೈ ಹಿಡಿದ. "ಗ್ಯಾಸೂ ಐತಿ, ಕಂಪ್ರೆಸರೂ ಐತಿ. ಉಸಿರ ಇಲ್ರಿ ಇದಕ್ಕ. ಗೋಡ್ಯಾಗ ಕೂಡಿಸಿದ ಫ್ರಿಜ್ಜಿಗೆ ಮೂಗೂ ಬಾಯಿನೂ ಎರಡೂ ಇದ. ಇದನ್ನ ಮುಚ್ಚಿದ್ರ ಒಳಗಿನ ಬಿಸಿ ಹೊರಗ ಬರಂಗಿಲ್ಲ, ಕಂಪ್ರೆಸರ್ ಕಾಯ್ದು ತಂತಾನ ಬಂದ್ ಆಗ್ತೈತಿ. ಆರಿದ ಮ್ಯಾಲ ಮತ್ತ ಚಾಲೂ. ಅದಾ ನಿಮ್ಮ ಟಕ್. ಬಿಸಿ ಹಾಲಿಗೆಲ್ಲ ಹಿಂಗ ಆಗಂಗಿಲ್ಲ." ಆಮೇಲೆ ಮೂವರ ಮುಖವನ್ನೂ ನೋಡಿ ಕೇಳಿದ. "ಹಗಲಿನ ಪುಟದಾಗೆಲ್ಲ ಬುಟ್ಟಿ ಐತಿ, ಬೆಳಗಿನ ಪುಟದಾಗ ಇಲ್ಲ. ಇವತ್ತೂ ಈಗ ಬಂದೈತಿ. ಇದನ್ನ ಯಾರ ಇಡ್ತೀರಿ?"

ಸುಜಾತಾ ಕಮಲಾಳನ್ನು ನೋಡಿದಳು. ಕಮಲಾ ಸುಜಾತಾಳನ್ನು ನೋಡಿದಳು. ಇಬ್ಬರೂ ಒಟ್ಟಿಗೆ, "ನಾ ಅಲ್ಲ" ಎಂದರು.

ಇಟ್ಟವನು ಯಾರೆಂದು ನನಗೆ ಹೊಳೆದದ್ದು ಆಗ.  ಮಳೆಗಾಲದಲ್ಲಿ ಖಡಕ್ ರೊಟ್ಟಿ ತಂಡಿ ಹಿಡಿದು ಮೆತ್ತಗಾಗುತ್ತದೆ. ಮುರಿದಾಗ ಸದ್ದಾಗದ ರೊಟ್ಟಿಯನ್ನು ನಾನು ರೊಟ್ಟಿ ಎಂದು ಒಪ್ಪಿದವನಲ್ಲ. ಮಳೆ ಹತ್ತಿದ ಮೊದಲ ದಿನ ನೆಲದ ಮೇಲೆ ಬಿದ್ದ ಕನ್ನಡಕ ಹುಡುಕುವಾಗ ಆ ಜಾಳಿಗೆಯಿಂದ ಬೆಚ್ಚನೆಯ ಒಣ ಗಾಳಿ ಮುಖಕ್ಕೆ ಬಡಿದಿತ್ತು. ಎಂಥ ಗಾಳಿ! ಮರುದಿನದಿಂದ ಕಮಲಾ ಪೂಜೆಗೆ ಕೂತು, ಸುಜಾತಾ ಮನೆ ಬಿಟ್ಟ ಹೊತ್ತಿಗೆ, ಒಂಬತ್ತಕ್ಕೆ, ನಾನೇ ಬುಟ್ಟಿ ತಂದು ಇಡುತ್ತಿದ್ದೆ. ಆ ರವಿವಾರ ಸುಜಾತಾ ಹಿತ್ತಲಿಗೆ ಹೋದಾಗ ಇಟ್ಟಿದ್ದೆ. ರಾತ್ರಿ ಊಟಕ್ಕೆ ಬಡಿಸಿದವರು ಅದನ್ನು ಎತ್ತಿ ಮೇಲಿಡುತ್ತಿದ್ದರು. ಕಮಲಾ ಅದನ್ನು ಸುಜಾತಾ ಇಟ್ಟಳೆಂದು, ಸುಜಾತಾ ಕಮಲಾ ಇಟ್ಟಳೆಂದು ತಿಳಿದಿರಬೇಕು. ಮಾತಿಲ್ಲದ್ದರಿಂದ ಕೇಳುವವರು ಯಾರು? ನಾನೋ, ಇಟ್ಟ ಐದು ನಿಮಿಷಕ್ಕೆ ಕುರ್ಚಿಯಲ್ಲಿ ಕೂತು "ರೊಟ್ಟಿ ಬುಟ್ಟಿ ಒಂದು" ಎಂದು ಬರೆದುಕೊಳ್ಳುತ್ತಿದ್ದೆ, ಅದು ಭೂಮಿಯಿಂದ ಎದ್ದು ಬಂದಿದೆ ಎಂಬಂತೆ.

ಎದ್ದು ನಿಂತು ಹೇಳಿದೆ, "ನಾನ ಇಟ್ಟದ್ದು."

 ಮೊದಲು ಸುಜಾತಾ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬ್ಯಾಡ್ರಿ ಭಾವಾರ. ಉಂಡ ತಾಟ ಎತ್ತಿದವರಲ್ಲ ನೀವು. ಬುಟ್ಟಿ ಎತ್ತಿ ತಂದ್ರ್ಯಾ? ಅಕ್ಕಾನ ಮ್ಯಾಲ ಮಾತ ಬರಬಾರದಂತ ನಿಮ್ಮ ಮ್ಯಾಲ ಹಾಕ್ಕೊಂಡ್ರಿ. ಅಕ್ಕಾ, ತಪ್ಪಾತ್ರಿ ನಂದು. ಬುಟ್ಟಿ ಯಾರರ ಇಟ್ಟಿರಲಿ, ಹಾಲಿನ ಮಾತ ನಾ ಆಡಬಾರದಿತ್ತು." ಕಮಲಾ ಅವಳ ಕೈ ಹಿಡಿದುಕೊಂಡು, "ನಾನೂ ಮನಿತನದ ಮಾತ ಎತ್ತಬಾರದಿತ್ತವಾ" ಎಂದಳು. ಅಶೋಕ ಬ್ಯಾಟರಿ ಚೀಲಕ್ಕೆ ಹಾಕುತ್ತ, "ಇಂಥಾ ಯಜಮಾನ್ರು ಈಗ ಸಿಗಂಗಿಲ್ರಿ" ಎಂದು ನನ್ನನ್ನು ಗೌರವದಿಂದ ನೋಡಿದ. ನಾನು ನೋಟುಬುಕ್ಕು ಎತ್ತಿ ಹಿಡಿದು, ಖರೇನ ನಾನ ಇಟ್ಟದ್ದು, ನೋಡ್ರಿ ಇಲ್ಲಿ ಬರೆದೀನಿ ಎಂದೆ. ಬುಟ್ಟಿ ಇದೆ ಎಂದು ಇತ್ತು. ಇಟ್ಟವರು ಯಾರು ಎಂದು ಇರಲಿಲ್ಲ.

ಸಂಜೆ ಕಮಲಾ ಚಹಾ ತಂದು ಪಕ್ಕದಲ್ಲಿ ಕೂತಳು. ಫ್ರಿಜ್ಜು ನಾಲ್ಕು ಡಿಗ್ರಿಗೆ ಬಂದಿತ್ತು.

"ಮದುವಿ ಆದಾಗಿಂದ ನನ್ನ ಸಲುವಾಗಿ ಇದ ಮೊದಲನೇ ಸಲ ಸುಳ್ಳ ಹೇಳೀರಿ. ಚಲೋ ಹೇಳಾಕ ಬರಂಗಿಲ್ಲ ನಿಮಗ. ಆದ್ರೂ ಹೇಳೀರಿ."

"ಸುಳ್ಳಲ್ಲ, ಕಮಲಾ. ಶಪಥ ಮಾಡ್ತೀನಿ."

"ಸಾಕ ಬಿಡ್ರಿ, ಭಾಳ ಆತು" ಎಂದು ಅವಳು ನಾಚಿಕೊಂಡಳು. ಅವಳು ನಾಚಿದ್ದನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ಇನ್ನೂ ವಾದಿಸಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಸತ್ಯ ಸತ್ಯವೇ. ನಾನು ಬುಟ್ಟಿ ಎತ್ತಬಲ್ಲವನು ಎಂದು ತೋರಿಸಿದರೆ ನಂಬಿಯಾರು ಎಂದುಕೊಂಡು, ಅಂದು ರಾತ್ರಿ ಊಟವಾದ ಮೇಲೆ ಎಲ್ಲರ ಎದುರಿನಲ್ಲಿ ನನ್ನ ತಾಟನ್ನು ನಾನೇ ಎತ್ತಿ ಒಯ್ದು ತೊಳೆದಿಟ್ಟೆ. ಬಸವರಾಜ ಬಾಯಿ ತೆರೆದು ನೋಡಿದ. ಸುಜಾತಾ ಅವನಿಗೆ, "ನೋಡ್ರಿ, ಕಲೀರಿ ಭಾವಾರನ್ನ ನೋಡಿ" ಎಂದಳು. ನಂಬುವ ಮಾತು ಯಾರೂ ಎತ್ತಲಿಲ್ಲ. ಮರುದಿನ ಉಂಡು ಏಳುವಾಗ ನೆಗೆಣ್ಣಿಯರಿಬ್ಬರೂ ಸುಮ್ಮನೆ ನನ್ನ ಕಡೆ ನೋಡುತ್ತ ಕೂತಿದ್ದರು, ಒಂದೇ ತರಹದ ಪ್ರೀತಿಯಿಂದ. ತಾಟು ಎತ್ತಿದೆ. ಅಂದಿನಿಂದ ದಿನಕ್ಕೆರಡು ಸಲ ತೊಳೆಯುತ್ತಿದ್ದೇನೆ. ಶಿಕ್ಷೆ ಸರಿಯಾಗಿ ನಡೆಯುತ್ತಿದೆ. ಅಪರಾಧ ಮಾತ್ರ ಇನ್ನೂ ಸಾಬೀತಾಗಿಲ್ಲ.